ಉಪ್ಪಿನ ಲೆಕ್ಕ

ಬಾಯ್ಲರಿನ ನೀರಲ್ಲಿ ಉಪ್ಪಿರಬಾರದು.
ನೂರು ಕೋಟಿ ಪಾಲಿಗೆ ಐದು ಪಾಲು ದಾಟಿದರೂ
ಫೋನೆತ್ತಿ ಕಂಟ್ರೋಲ್ ರೂಮಿಗೆ ಹೇಳಬೇಕು.
ಅದು ನನ್ನ ನೌಕರಿ,
ಶಕ್ತಿನಗರದ ಲ್ಯಾಬಿನಲ್ಲಿ, ಹನ್ನೊಂದು ವರ್ಷದಿಂದ.
ಕೃಷ್ಣೆಯನ್ನು ಸೋಸಿ, ಮತ್ತೆ ಸೋಸಿ,
ರುಚಿಯೇ ಉಳಿಯದ ಹಾಗೆ ಮಾಡಿ
ಹಬೆಗೆ ಒಪ್ಪಿಸುತ್ತೇವೆ.

ಅಂಥವಳು, ರಾತ್ರಿಪಾಳಿಯಲ್ಲಿ
ಮಂಡಾಳ ಒಗ್ಗರಣಿ, ಮಿರ್ಚಿ, ಮತ್ತೊಂದು ಮಿರ್ಚಿ
ತಿಂದು ತಿಂದು,
ನನ್ನದೇ ರಕ್ತದ ವರದಿ ಕೈಗೆ ಬಂದಾಗ
ಯಾರಿಗೆ ಫೋನು ಮಾಡಬೇಕೆಂದು ತಿಳಿಯದೆ ಕೂತೆ.

ಮನೆಯಲ್ಲೇ ಮಾಡಿಕೊಳ್ಳಿ, ಅಂದರು ಡಾಕ್ಟರು.
ಏಳಕ್ಕೆ ಪಾಳಿ ಮುಗಿಸಿ
ಎಂಟಕ್ಕೆ ದೇವಸೂಗೂರಿನ ಬಾಡಿಗೆ ಖೋಲಿ ಸೇರಿ
ಮೇ ತಿಂಗಳಲ್ಲಿ, ತಗಡಿನ ಕೆಳಗೆ, ಒಲೆ ಹಚ್ಚುವುದೆಂದರೆ
ಇನ್ನೊಂದು ಬಾಯ್ಲರಿಗೆ ಡ್ಯೂಟಿ ಹಾಕಿಸಿಕೊಂಡಂತೆ.

ಹಾಗೆ ಬಂತು ಫ್ರಿಜ್ಜು,
ಅದರ ನೆತ್ತಿಯೊಳಗೊಂದು ಪುಟ್ಟ ಚಳಿಗಾಲ.
ತೀನ್ ಕಂದೀಲಿನ ಅಂಗಡಿಯಿಂದ ವಾರಕ್ಕೆ ಆರು ಡಬ್ಬಿ,
ಥರ್ಮಾಕೋಲಿನಲ್ಲಿ, ಬಸ್ಸಿನಲ್ಲಿ, ಮಡಿಲಲ್ಲಿ
ಕೂಸಿನ ಹಾಗೆ.
ರಾಜ್ಮಾ ಅನ್ನ. ಪಾಲಕ್ ದಾಲ್.
ಬಿಸಿಬೇಳೆ ಬಾತ್, ಕಲ್ಲಿನಂತೆ ತಣ್ಣಗೆ.

ಅಂಗಡಿಯ ಜಿಲಾನಿ ಕೇಳುತ್ತಾನೆ:
ಅಕ್ಕಾ, ಅಷ್ಟೊತ್ತು ಏನ್ ಓದ್ತೀರಿ ಡಬ್ಬಿ ಮ್ಯಾಲ?
ಉಪ್ಪು ಓದ್ತೀನಪ್ಪ.
ಇದರಲ್ಲಿ ಒಂಬೈನೂರು ಮಿಲಿಗ್ರಾಂ ಸೋಡಿಯಂ, ಒಳಗಿಡು.
ಇದರಲ್ಲಿ ನಾನೂರಿಪ್ಪತ್ತು, ಕೊಡು. ನಾರು ಆರು ಗ್ರಾಂ, ಇರಲಿ.
ಮುಂದೆ ದಪ್ಪಕ್ಷರದಲ್ಲಿ 'ಆರೋಗ್ಯ' ಎಂದಿದ್ದರೆ
ಅದನ್ನು ಓದುವುದಿಲ್ಲ.
ಬೆನ್ನ ಮೇಲಿನ ಇರುವೆಸಾಲು ಸಾಕು ನನಗೆ.

ಡಬ್ಬಿ ಅರ್ಧ ಊಟ.
ಉಳಿದರ್ಧಕ್ಕೆ ಮೊಳಕೆಯ ಮಡಕಿ, ಸೌತೆ, ಒಂದು ಬಟ್ಟಲು ಮೊಸರು.
ಮೂರು ತಿಂಗಳಿಗೆ ವರದಿ ಒಂದಿಷ್ಟು ಇಳಿಯಿತು.
ಡಬ್ಬಿಯಿಂದಲೋ,
ಎರಡನೇ ಸಲ ಬಡಿಸುವವರು ಇಲ್ಲದ್ದರಿಂದಲೋ.

ಪಕ್ಕದ ಈರಮ್ಮ ರೊಟ್ಟಿ ಬಡಿದು ಮಾರುವವಳು.
ನನ್ನ ಕಸದ ಬುಟ್ಟಿ ನೋಡಿ ಅಂದಳು:
ಏನವ್ವ ಅಮರಮ್ಮ, ರೊಕ್ಕ ಕೊಟ್ಟು ತಂಗಳಾ ತಿಂತೀಯಲ್ಲ!
ಬಿದಿರು ಬುಟ್ಟಿಯಲ್ಲಿ ಒಟ್ಟಿದ್ದ
ಅವಳ ಕಡಕ್ ರೊಟ್ಟಿ ತೋರಿಸಿದೆ. ಇವು ಯಾವಾಗ ಬಡಿದದ್ದು?
ಹೋದ ತಿಂಗಳ.
ಒಣಗಿ ಕೂತರ ರೊಟ್ಟಿ, ಹೆಪ್ಪಾಗಿ ಕೂತರ ತಂಗಳೇನವ್ವ?
ಮಾತಾಡಲಿಲ್ಲ. ಒಂದು ರೊಟ್ಟಿ
ಪಟ್ಟನೆ ಮುರಿದು ಅರ್ಧ ಕೊಟ್ಟಳು.

ಮೊನ್ನೆ ಕರೆಂಟು ಹೋಯಿತು.
ನಗಬೇಡಿ. ಚಿಮಣಿಗಳು ನನ್ನ ಕಿಟಕಿಗೇ ಕಾಣುತ್ತವೆ,
ದೂರದೂರಿನ ದೀಪಗಳಿಗೆ ಹೋಗುವ ತಂತಿ
ನಮ್ಮ ತಲೆಯ ಮೇಲೇ ಗುಂಯ್‌ಗುಡುತ್ತದೆ.
ಗಾಳಿಮಳೆಗೆ ಓಣಿಯ ಟ್ರಾನ್ಸ್‌ಫಾರ್ಮರು ಸುಟ್ಟಿತ್ತು.
ಸಂಜೆಗೆ ಚಳಿಗಾಲ ತೊಟ್ಟಿಕ್ಕಿತು ನೆಲಕ್ಕೆ.
ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು,
ಅದೂ ಇದೆ ಇರುವೆಸಾಲಿನಲ್ಲಿ.

ಐದೂ ಡಬ್ಬಿ ಸೆರಗಿಗೆ ಕಟ್ಟಿ
ಈರಮ್ಮನ ಒಲೆಗೆ ಹೋದೆ.
ದಾಲು, ರಾಜ್ಮಾ, ಬಿಸಿಬೇಳೆ, ಎಲ್ಲ ಒಂದೇ ಬೋಗುಣಿಗೆ.
ಕುದಿ ಬಂತು. ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು
ನೆಕ್ಕಿ, ಕಣ್ಣು ಮುಚ್ಚಿದಳು
ನಮ್ಮ ಯಂತ್ರ ತೆಗೆದುಕೊಳ್ಳುವಷ್ಟೇ ಹೊತ್ತು.
ಉಪ್ಪು ಮುಂದ ಐತಿ.
ಎಷ್ಟು? ಅಂದೆ.
ಎರಡು ಹಿಡಿ ಪುಂಡಿ ಸೊಪ್ಪಿನಷ್ಟು.

ಅಷ್ಟನ್ನು ಹಾಕಿದಳು, ಮೇಲೊಂದು ಹಿಡಿ ಜೋಳದ ನುಚ್ಚು.
ಕಂದೀಲಿನ ಬೆಳಕಿಗೆ ಏಳು ಜನ ಉಂಡೆವು,
ಯಾವ ಡಬ್ಬಿಯದು ಯಾವ ತುತ್ತೆಂದು
ಯಾರೂ ಕೇಳಲಿಲ್ಲ.
ಅವಳ ಮೊಮ್ಮಗ ಮಾತ್ರ
ರಾಜ್ಮಾ ಕಾಳುಗಳನ್ನು ಆರಿಸಿ ತಟ್ಟೆಯಂಚಿಗೆ ಸಾಲಿಟ್ಟ.

ಕರೆಂಟು ಬಂದದ್ದು ಎರಡಕ್ಕೆ.
ಖಾಲಿ ಪೆಟ್ಟಿಗೆ ತನ್ನಷ್ಟಕ್ಕೆ ಗುನುಗುತ್ತಿತ್ತು.
ಈಗ ಅದರಲ್ಲಿ, ಡಬ್ಬಿಗಳ ಪಕ್ಕ,
ಪುಂಡಿ ಸೊಪ್ಪಿನ ಪೊಟ್ಟಣಗಳಿವೆ,
ಒಂದೊಂದರಲ್ಲಿ ಎರಡೆರಡು ಹಿಡಿ, ಈರಮ್ಮನ ಹಿಡಿ.
ಮೇಲೆ ನಾನೇ ಬರೆದಿದ್ದೇನೆ, ತಾರೀಕು ಹಾಕಿ,
ಸಣ್ಣಕ್ಷರದಲ್ಲಿ:
ಉಪ್ಪು, ಇಲ್ಲ.